ದೀಪ ಮೊದಲು ಆರುತ್ತದೆ, ಬೋರ್ಡು ಆಮೇಲೆ ಬದಲಾಗುತ್ತದೆ

ವಾಕ್ಯಭಾಗ: ಪ್ರಕಟನೆ 2:1-7, ಅಪೊಸ್ತಲರ ಕೃತ್ಯಗಳು 19:8-10, ಯೆರೆಮೀಯ 7:1-15, 1 ಕೊರಿಂಥ 3:16
ಪಾಠದ ವಿಷಯ: ಆರಾಧನೆ ನಿಂತುಹೋದ ಚರ್ಚು ಕಟ್ಟಡಗಳು ನಮಗೆ ಏನು ಕಲಿಸುತ್ತವೆ?

ಬೈಬಲ್ ತಂದಿರುವವರು ಪ್ರಕಟನೆ ಎರಡನೇ ಅಧ್ಯಾಯ ತೆರೆದು ಅಲ್ಲಿ ಬೆರಳಿಟ್ಟುಕೊಳ್ಳಿ. ಮೊದಲು ಒಂದಿಷ್ಟು ಸಂಗತಿ ಹೇಳಿ ಆಮೇಲೆ ವಾಕ್ಯಕ್ಕೆ ಬರ್ತೇನೆ.

ನಮ್ಮ ಸಭೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ವಿಡಿಯೋ ಓಡಾಡ್ತಾ ಇದೆ. ಯೂರೋಪಿನಲ್ಲಿ ಚರ್ಚುಗಳು ಬಾರ್ ಆಗಿವೆ, ಹೋಟೆಲ್ ಆಗಿವೆ, ಮಕ್ಕಳು ಸ್ಕೇಟಿಂಗ್ ಆಡುವ ಜಾಗ ಆಗಿವೆ ಅಂತ ಅದರಲ್ಲಿ ತೋರಿಸ್ತಾರೆ. ಅದನ್ನು ನೋಡಿ ಕೆಲವರು ಅತ್ತರು. ಕೆಲವರು, "ಅವರಲ್ಲಿ ಆತ್ಮನ ಬಲ ಇರಲಿಲ್ಲ, ಅದಕ್ಕೇ ಹೀಗಾಯ್ತು. ನಮ್ಮಂಥ ಪೆಂತೆಕೊಸ್ತು ಸಭೆಗಳಿಗೆ ಹಾಗಾಗಲ್ಲ" ಅಂದರು. ಒಬ್ಬ ಅಮ್ಮ ಮಾತ್ರ ಪ್ರಾರ್ಥನೆ ಮುಗಿದ ಮೇಲೆ ಹತ್ತಿರ ಬಂದು ಕೇಳಿದರು: "ಪಾಸ್ಟರ್, ದೇವರ ಮನೆಯನ್ನ ಮಾರಬಹುದಾ? ಮಾರಿದ ಮೇಲೆ ದೇವರು ಎಲ್ಲಿಗೆ ಹೋಗ್ತಾರೆ?"

ಇದು ಒಳ್ಳೇ ಪ್ರಶ್ನೆ. ನಾವು ಈಗ ಬಾಡಿಗೆ ಹಾಲ್‌ನಲ್ಲಿ ಕೂತಿದ್ದೇವೆ. ಮುಂದಿನ ತಿಂಗಳು ಸೈಟ್ ತಗೊಳ್ಳುವ ವಿಷಯ ಸದಸ್ಯರ ಮುಂದೆ ಬರುತ್ತದೆ. ಕಲ್ಲು ಇಡೋದಕ್ಕೆ ಮುಂಚೆ, ಬೇರೆಯವರು ಇಟ್ಟ ಕಲ್ಲುಗಳಿಗೆ ಏನಾಯ್ತು ಅಂತ ತಿಳ್ಕೊಳ್ಳೋದು ಒಳ್ಳೆಯದು.

1. ನಿಜವಾಗಿ ಏನಾಗಿದೆ?

ವಿಡಿಯೋ ಸುಳ್ಳಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಸೇಂಟ್ ಮೇರಿಸ್ ಅನ್ನೋ ಹಳೇ ಚರ್ಚು ಇದೆ. ಜಾನ್ ವೆಸ್ಲಿ 1747ರಲ್ಲಿ ಮೊದಲ ಸಲ ಐರ್ಲೆಂಡಿಗೆ ಹೋದಾಗ ಅಲ್ಲಿ ಪ್ರಸಂಗ ಮಾಡಿದರು. ಯಾವ ವೆಸ್ಲಿ? ಹೊಲದಲ್ಲಿ, ಬೀದಿಯಲ್ಲಿ ನಿಂತು ಸುವಾರ್ತೆ ಸಾರಿದ ಅದೇ ವೆಸ್ಲಿ. 1964ರಲ್ಲಿ ಆ ಚರ್ಚು ಮುಚ್ಚಿತು. 2005ರಿಂದ ಅಲ್ಲಿ ಬಾರ್ ಮತ್ತು ಊಟದ ಹೋಟೆಲ್ ನಡೀತಾ ಇದೆ. ಬಾರಿನ ಹೆಸರೇ "ದ ಚರ್ಚ್". ಆರ್ಗನ್ ವಾದ್ಯ ಇನ್ನೂ ಮೇಲೆ ಇದೆ, ಕೆಳಗೆ ಬಾಟಲಿಗಳು.

ನೆದರ್‌ಲ್ಯಾಂಡ್ಸ್ ದೇಶದ ಅರ್ನೆಮ್ ಊರಿನ ಸೇಂಟ್ ಜೋಸೆಫ್ ಚರ್ಚಿನೊಳಗೆ ಹುಡುಗರು ಸ್ಕೇಟ್‌ಬೋರ್ಡ್ ಆಡಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಚರ್ಚು ಗೋಡೆ ಹತ್ತುವ ಕ್ರೀಡಾಕೇಂದ್ರ, ಇನ್ನೊಂದು ಸರ್ಕಸ್ ಕಲಿಸುವ ಶಾಲೆ. ಆಮ್‌ಸ್ಟರ್‌ಡಾಮ್‌ನಲ್ಲಿ 1880ರ ಸುಮಾರಿಗೆ ಕಟ್ಟಿದ ಒಂದು ಸಭಾಮಂದಿರ 1968ರಿಂದ ಪಾರಾಡಿಸೊ ಅನ್ನೋ ಸಂಗೀತದ ಕ್ಲಬ್. ನ್ಯೂಯಾರ್ಕಿನ ಒಂದು ಚರ್ಚು 1983ರಲ್ಲಿ ಲೈಮ್‌ಲೈಟ್ ಅನ್ನೋ ಡಿಸ್ಕೋ ಆಯಿತು, ಆಮೇಲೆ ಅಂಗಡಿಗಳ ಸಂಕೀರ್ಣ ಆಯಿತು.

ಆದರೆ ಪ್ರಿಯರೇ, ವಿಡಿಯೋ ಎಲ್ಲ ಕಟ್ಟಡಗಳನ್ನೂ ಒಂದೇ ದಾರದಲ್ಲಿ ಪೋಣಿಸಿಬಿಡುತ್ತದೆ. ಅದು ಸರಿಯಲ್ಲ. ಅದರಲ್ಲಿ ಸುಂದರವಾದ ಒಂದು ಪುಸ್ತಕದಂಗಡಿ ಬರುತ್ತದೆ, ಮಾಸ್ಟ್ರಿಕ್ಟ್ ಊರಿನ ಡೊಮಿನಿಕನ್ ಚರ್ಚು. ಅದು 1294ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಅಲ್ಲಿ ಆರಾಧನೆ ನಿಂತದ್ದು ಈಗಿನ ಜನರ ನಂಬಿಕೆ ತಣ್ಣಗಾಗಿದ್ದರಿಂದ ಅಲ್ಲ. 1794ರಲ್ಲಿ ಫ್ರೆಂಚ್ ಸೈನ್ಯ ಆ ಊರನ್ನು ಹಿಡಿಯಿತು, ಸನ್ಯಾಸಿಗಳು ಹೊರಗೆ ಹೋಗಬೇಕಾಯಿತು. ಅದಾದ ಮೇಲೆ ಇನ್ನೂರು ವರ್ಷ ಆ ಕಟ್ಟಡ ಏನೇನೋ ಆಯಿತು, ಸೈಕಲ್ ನಿಲ್ಲಿಸುವ ಜಾಗ ಕೂಡ ಆಯಿತು. ಪುಸ್ತಕದಂಗಡಿ ಬಂದದ್ದು 2006ರ ಹೊತ್ತಿಗೆ. ಅಂಗಡಿಯವರು ಯಾವ ಸಭೆಯನ್ನೂ ಓಡಿಸಲಿಲ್ಲ.

ನಮ್ಮ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚನ್ನೂ ನೆನಪು ಮಾಡಿಕೊಳ್ಳಿ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಏರಿತು, ಊರಿನ ಜನ ಬೇರೆ ಕಡೆಗೆ ಎದ್ದುಹೋದರು. ಮಳೆಗಾಲದಲ್ಲಿ ಅರ್ಧ ಮುಳುಗುವ ಆ ಗೋಡೆಗಳ ಮುಂದೆ ಈಗ ಜನ ಫೋಟೋ ತೆಗೆಸ್ಕೊಳ್ತಾರೆ. ಅಲ್ಲಿ ಚರ್ಚು ಬಿಟ್ಟವರು ದೇವರನ್ನು ಬಿಟ್ಟವರಲ್ಲ. ನೀರು ಬಂತು, ಅವರು ಬೈಬಲ್ಲನ್ನೂ ಪ್ರಾರ್ಥನೆಯನ್ನೂ ಎತ್ಕೊಂಡು ಹೋದರು.

ಅಂದರೆ ಖಾಲಿ ಕಟ್ಟಡವನ್ನು ನೋಡಿದ ಕೂಡಲೇ ತೀರ್ಪು ಹೇಳಬಾರದು. ಯುದ್ಧದಿಂದ ಖಾಲಿಯಾದದ್ದು ಬೇರೆ. ನೀರಿನಿಂದ ಖಾಲಿಯಾದದ್ದು ಬೇರೆ. ಒಳಗಿನಿಂದ ಖಾಲಿಯಾದದ್ದು ಬೇರೆ. ಇವತ್ತಿನ ಪಾಠ ಈ ಮೂರನೆಯದರ ಬಗ್ಗೆ.

ಇದೇನೂ ಸಣ್ಣ ಸಂಖ್ಯೆಯಲ್ಲ. ಒಂದು ಡಚ್ ಪತ್ರಿಕೆ 2019ರಲ್ಲಿ ಎಣಿಸಿ ನೋಡಿದಾಗ ಆ ದೇಶದ ಚರ್ಚು ಕಟ್ಟಡಗಳಲ್ಲಿ ಸುಮಾರು ಐದರಲ್ಲಿ ಒಂದು ಬೇರೆ ಉಪಯೋಗಕ್ಕೆ ಹೋಗಿತ್ತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಇದಕ್ಕಾಗಿಯೇ ಒಂದು ಕಾನೂನು ಮಾಡಿಕೊಂಡು 1969ರಿಂದ ಜಾರಿಗೆ ತಂದಿತು. ಯಾರೋ ಒಬ್ಬರು ಬೀಗ ಹಾಕಿ ಮಾರಿಬಿಡೋಕೆ ಆಗಲ್ಲ. ಪ್ರಸ್ತಾಪವನ್ನು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು, ಸಮಾಧಿಗಳಿದ್ದರೆ ಅವುಗಳಿಗೆ ವ್ಯವಸ್ಥೆ ಮಾಡಬೇಕು. ದೀಕ್ಷಾಸ್ನಾನದ ತೊಟ್ಟಿ, ಕರ್ತನ ಮೇಜು ಎಲ್ಲಿಗೆ ಹೋಗಬೇಕು ಅನ್ನೋದನ್ನೂ ತೀರ್ಮಾನಿಸಬೇಕು. ಕೊಳ್ಳುವವನು ಆ ಜಾಗವನ್ನು ಏನಕ್ಕೆ ಉಪಯೋಗಿಸಬಹುದು, ಏನಕ್ಕೆ ಉಪಯೋಗಿಸಬಾರದು ಅಂತ ಕ್ರಯಪತ್ರದಲ್ಲೇ ಷರತ್ತು ಬರೆಸಬಹುದು. ಹಳೆಯದಾಗಿ ಬೆಲೆಬಾಳುವ, ಆದರೆ ಸಭೆ ಇಲ್ಲದ 350ಕ್ಕೂ ಹೆಚ್ಚು ಚರ್ಚುಗಳನ್ನು ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಮುಚ್ಚುವಾಗಲೂ ಮರ್ಯಾದೆಯಿಂದ ಮುಚ್ಚುವ ಕ್ರಮ ಒಂದಿದೆ. ನಮ್ಮಂಥ ಸ್ವತಂತ್ರ ಸಭೆಗಳಲ್ಲಿ ಆ ಕ್ರಮವೂ ಇಲ್ಲ. ಅದಕ್ಕೆ ಕೊನೆಯಲ್ಲಿ ಬರ್ತೇನೆ.

2. ದೇವರು ಗೋಡೆಗಳೊಳಗೆ ಸಿಕ್ಕಿಹಾಕ್ಕೊಂಡಿಲ್ಲ

ಈಗ ಆ ಅಮ್ಮನ ಪ್ರಶ್ನೆ. ಕಟ್ಟಡ ಮಾರಿದರೆ ದೇವರು ಎಲ್ಲಿಗೆ ಹೋಗ್ತಾರೆ?

ಯೆರೆಮೀಯ ಏಳನೇ ಅಧ್ಯಾಯ ನೋಡಿ. ಪ್ರವಾದಿ ದೇವಾಲಯದ ಬಾಗಿಲಲ್ಲೇ ನಿಂತು ಮಾತಾಡ್ತಾನೆ. ಜನರ ಬಾಯಲ್ಲಿ ಒಂದೇ ಮಾತು, ಇದು ಕರ್ತನ ಆಲಯ, ಇದು ಕರ್ತನ ಆಲಯ ಅಂತ. ಮೂರು ಸಲ ಹೇಳ್ತಾರೆ. ಮಂತ್ರದ ಹಾಗೆ ಹೇಳಿಕೊಳ್ತಾ ಇದ್ದರು. ಆದರೆ ಹೊರಗೆ ಹೋಗಿ ಪರದೇಶಿಯನ್ನು, ಅನಾಥನನ್ನು, ವಿಧವೆಯನ್ನು ಹಿಂಸಿಸ್ತಾ ಇದ್ದರು. ಕರ್ತನು ಏನು ಹೇಳ್ತಾನೆ? ನನ್ನ ಹೆಸರು ಮೊದಲು ನೆಲೆಸಿದ್ದ ಶೀಲೋವಿಗೆ ಹೋಗಿ ನೋಡಿ, ಅದಕ್ಕೆ ನಾನು ಏನು ಮಾಡಿದೆ ಅಂತ.

ಶೀಲೋ ಯಾವುದು? ಹನ್ನಳು ಕಣ್ಣೀರಿಟ್ಟ ಜಾಗ. ಬಾಲಕ ಸಮುವೇಲನು ರಾತ್ರಿ ದೇವರ ಸ್ವರ ಕೇಳಿದ ಜಾಗ. ಅಂಥ ಜಾಗವೇ ಹಾಳಾಯಿತು. 1 ಸಮುವೇಲ ನಾಲ್ಕನೇ ಅಧ್ಯಾಯದಲ್ಲಿ ಮಂಜೂಷವನ್ನೇ ಫಿಲಿಷ್ಟಿಯರು ಹೊತ್ಕೊಂಡು ಹೋದರು. ಏಲಿಯ ಸೊಸೆ ಸಾಯುವ ಹೊತ್ತಿನಲ್ಲಿ ಮಗುವಿಗೆ ಈಕಾಬೋದ್ ಅಂತ ಹೆಸರಿಟ್ಟಳು. ಮಹಿಮೆ ಹೋಯಿತು ಅನ್ನೋ ಅರ್ಥ. ಆದರೆ ಮಹಿಮೆ ಆ ದಿನ ಹೋಯಿತಾ? ಇಲ್ಲ. ಎರಡನೇ ಅಧ್ಯಾಯದಿಂದ ಓದಿ ನೋಡಿ. ಏಲಿಯ ಮಕ್ಕಳು ಬಲಿಯ ಮಾಂಸವನ್ನು ಬಲವಂತವಾಗಿ ಕಿತ್ಕೊಳ್ತಾ ಇದ್ದರಲ್ಲ, ಬಾಗಿಲಲ್ಲಿ ಸೇವೆ ಮಾಡುವ ಸ್ತ್ರೀಯರ ಜೊತೆ ಪಾಪ ಮಾಡ್ತಾ ಇದ್ದರಲ್ಲ, ಆಗಲೇ ಹೋಗ್ತಾ ಇತ್ತು. ಯುದ್ಧ ಸೋತ ದಿನ ಅದು ಊರಿಗೆಲ್ಲ ಗೊತ್ತಾಯಿತು, ಅಷ್ಟೇ.

ಸ್ತೆಫನನು ಸಾಯುವ ಮುಂಚೆ ಸಾರಿದ್ದೂ ಇದೇ. ಪರಾತ್ಪರನು ಮನುಷ್ಯರ ಕೈ ಕಟ್ಟಿದ ಮನೆಗಳಲ್ಲಿ ವಾಸಮಾಡುವವನಲ್ಲ, ಅಪೊಸ್ತಲರ ಕೃತ್ಯಗಳು 7:48. ಪೌಲನು ಕೊರಿಂಥದವರಿಗೆ ಬರೆಯುವಾಗ, ನೀವೇ ದೇವರ ಆಲಯ ಅಂತಾನೆ. ಕೊರಿಂಥದಲ್ಲಿ ಆಗ ಒಂದೇ ಒಂದು ಚರ್ಚು ಕಟ್ಟಡವೂ ಇರಲಿಲ್ಲ. ಮನೆಗಳಲ್ಲೇ ಕೂಡ್ತಾ ಇದ್ದರು.

ಹಾಗಾಗಿ ಅಮ್ಮಾ, ಉತ್ತರ ಇದು. ಕಟ್ಟಡವನ್ನು ಮಾರಬಹುದು. ಸಭೆಯನ್ನು ಮಾರೋಕೆ ಆಗಲ್ಲ, ಯಾಕಂದರೆ ಅದು ಕ್ರಿಸ್ತನ ರಕ್ತದಿಂದ ಕೊಂಡದ್ದು. ಹಲ್ಲೆಲೂಯಾ!

ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಒಬ್ಬ ತಮ್ಮ ಇನ್ನೊಂದು ಪ್ರಶ್ನೆ ಕಳಿಸಿದ್ದಾನೆ. ಹಳೇ ಚರ್ಚನ್ನು ಫ್ಲಾಟ್ ಮಾಡಿದ್ದಾರೆ, ಅಲ್ಲಿ ಬಾಡಿಗೆಗೆ ಇರಬಹುದಾ, ಶಾಪ ತಟ್ಟುತ್ತದಾ ಅಂತ. ತಮ್ಮಾ, ಆ ಕಲ್ಲಿನಲ್ಲಿ ಶಾಪವೂ ಇಲ್ಲ, ಆ ಕಲ್ಲಿನಲ್ಲಿ ರಕ್ಷಣೆಯೂ ಇಲ್ಲ. ನೀನು ಅಲ್ಲಿ ಮೊಣಕಾಲೂರಿದರೆ ಆ ಮನೆಯಲ್ಲಿ ಮತ್ತೆ ಪ್ರಾರ್ಥನೆ ಶುರುವಾಯಿತು. ಅಷ್ಟೇ ವಿಷಯ. ಆದರೆ ಒಂದು ಮಾತು. ಅಲ್ಲಿ ಯಾರೋ ಮದುವೆಯಾಗಿದ್ದಾರೆ, ಯಾರದೋ ಮಗುವನ್ನು ಅಲ್ಲಿಂದ ಹೂಳೋಕೆ ಹೊತ್ಕೊಂಡು ಹೋಗಿದ್ದಾರೆ. ಅವರ ಕಣ್ಣೀರಿಗೆ ಬೆಲೆ ಕೊಡು. ಕಲ್ಲು ಪವಿತ್ರ ಅಲ್ಲ ಅಂತ ಹೇಳುವಾಗ ನೆನಪನ್ನು ತುಳಿಯಬಾರದು.

3. ಎಫೆಸದ ದೀಪಸ್ತಂಭ

ಈಗ ಬೆರಳಿಟ್ಟಿರುವ ಜಾಗಕ್ಕೆ ಬನ್ನಿ. ಪ್ರಕಟನೆ ಎರಡನೇ ಅಧ್ಯಾಯ. ಆದರೆ ಎಫೆಸದ ಕಥೆ ಅಪೊಸ್ತಲರ ಕೃತ್ಯಗಳು 19ರಲ್ಲಿ ಶುರುವಾಗುತ್ತದೆ. ಸಭಾಮಂದಿರದಲ್ಲಿ ವಿರೋಧ ಬಂದಾಗ ಪೌಲನು ಶಿಷ್ಯರನ್ನು ಕರ್ಕೊಂಡು ಎಲ್ಲಿಗೆ ಹೋದ? ತುರನ್ನ ಎಂಬುವನ ಪಾಠಶಾಲೆಗೆ. ಅದು ದೇವಾಲಯವೂ ಅಲ್ಲ, ಚರ್ಚೂ ಅಲ್ಲ. ಪಾಠ ಹೇಳುವ ಒಂದು ಹಾಲ್. ಎರಡು ವರ್ಷ ಅಲ್ಲಿ ವಾಕ್ಯ ನಡೆಯಿತು, ಆಸ್ಯ ಸೀಮೆಯವರೆಲ್ಲ ಕರ್ತನ ವಾಕ್ಯ ಕೇಳಿದರು ಅಂತ ಬರೆದಿದೆ. ಮಾಟದ ಪುಸ್ತಕಗಳನ್ನು ಜನ ತಾವೇ ತಂದು ಸುಟ್ಟರು. ಕಟ್ಟಡ ಬೇರೆಯವನದು, ಬೆಂಕಿ ದೇವರದು.

ಇನ್ನೂ ಕೆಲವು ವರ್ಷ ಕಳೆದ ಮೇಲೆ ಅದೇ ಸಭೆಗೆ ಕರ್ತನು ಪತ್ರ ಬರೆಸ್ತಾನೆ. ನಿನ್ನ ಪ್ರಯಾಸ ಗೊತ್ತು, ತಾಳ್ಮೆ ಗೊತ್ತು, ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿದ್ದು ಗೊತ್ತು ಅಂತಾನೆ. ಉಪದೇಶ ಸರಿ ಇತ್ತು. ಕೆಲಸ ನಡೀತಾ ಇತ್ತು. ತಪ್ಪೇನು? ಮೊದಲು ಇದ್ದ ಪ್ರೀತಿಯನ್ನು ಬಿಟ್ಟಿದ್ದರು. ಮಾನಸಾಂತರಪಡದಿದ್ದರೆ ದೀಪಸ್ತಂಭವನ್ನು ಅದರ ಜಾಗದಿಂದ ತೆಗೆದುಬಿಡ್ತೇನೆ ಅಂತ ಎಚ್ಚರಿಸ್ತಾನೆ. ಇದನ್ನು ಗಮನಿಸಿ. ಕಟ್ಟಡ ಬೀಳಿಸ್ತೇನೆ ಅಂತ ಹೇಳಲಿಲ್ಲ. ದೀಪಸ್ತಂಭ ತೆಗೀತೇನೆ ಅಂದ.

ಆಮೇಲೆ ಏನಾಯಿತು? ಎಫೆಸದಲ್ಲಿ ದೊಡ್ಡ ದೊಡ್ಡ ಚರ್ಚುಗಳು ಎದ್ದವು. 431ರಲ್ಲಿ ಲೋಕದ ಬಿಷಪ್‌ಗಳೆಲ್ಲ ಸೇರಿದ ಮಹಾಸಭೆ ಅಲ್ಲೇ ನಡೆಯಿತು. ಆರನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಅಪೊಸ್ತಲ ಯೋಹಾನನ ಹೆಸರಿನಲ್ಲಿ ಭಾರೀ ಚರ್ಚು ಕಟ್ಟಿಸಿದ. ಇವತ್ತು ಟರ್ಕಿ ದೇಶದ ಸೆಲ್ಚುಕ್ ಊರಿಗೆ ಹೋದರೆ ಅದರ ಮುರಿದ ಕಂಬಗಳನ್ನು ನೋಡಬಹುದು. ಪ್ರವಾಸಿಗಳು ಟಿಕೆಟ್ ತಗೊಂಡು ಒಳಗೆ ಹೋಗ್ತಾರೆ. ಆ ಊರಿನ ಬಂದರಿಗೆ ಹೂಳು ತುಂಬಿತು, ವ್ಯಾಪಾರ ಹೋಯಿತು, ಯುದ್ಧಗಳಾದವು. ಇವೆಲ್ಲ ಚರಿತ್ರೆಯ ಕಾರಣಗಳು, ನಾನು ಅಲ್ಲಗಳೆಯಲ್ಲ. ಆದರೆ ಇಷ್ಟನ್ನು ತಿಳ್ಕೊಳ್ಳಿ. ಕಟ್ಟಡವೇ ಇಲ್ಲದಿದ್ದಾಗ ಎಫೆಸದಲ್ಲಿ ಬೆಂಕಿ ಇತ್ತು. ದೊಡ್ಡ ಕಟ್ಟಡ ಎದ್ದದ್ದು ಮಾತ್ರಕ್ಕೆ ದೀಪ ಉಳಿಯುತ್ತದೆ ಅನ್ನೋ ಖಾತರಿ ಇಲ್ಲ.

4. ಬೀಗ ಬೀಳುವ ಮುಂಚೆ ಏನಾಗುತ್ತದೆ?

ವೇಲ್ಸ್ ದೇಶದ ಹೆಸರು ಕೇಳಿದರೆ ನಮಗೆಲ್ಲ ಉಜ್ಜೀವನವೇ ನೆನಪಿಗೆ ಬರುತ್ತದೆ. 1904ರಲ್ಲಿ ಲಾಕರ್ ಊರಿನ ಮೊರಾಯ ಚಾಪೆಲ್‌ನಲ್ಲಿ, ಇವಾನ್ ರಾಬರ್ಟ್ಸ್ ಅನ್ನೋ 26 ವರ್ಷದ ಯುವಕನಿಂದ ಆ ಕಿಡಿ ಹತ್ತಿತು. ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಸುಮಾರು ಒಂದು ಲಕ್ಷ ಜನ ಕರ್ತನ ಕಡೆಗೆ ತಿರುಗಿದರು ಅಂತ ಹೇಳ್ತಾರೆ. ಅದೇ ವೇಲ್ಸ್‌ನಲ್ಲಿ ಇವತ್ತು ಚಾಪೆಲ್‌ಗಳು ಮನೆಗಳಾಗಿವೆ, ಅಂಗಡಿಗಳಾಗಿವೆ, ಕೆಲವು ಸುಮ್ಮನೆ ಬೀಳ್ತಾ ಇವೆ. ಉಜ್ಜೀವನ ಕಂಡ ನಾಡಿಗೇ ಹೀಗಾದರೆ, "ನಮಗಾಗಲ್ಲ" ಅನ್ನೋಕೆ ನಾವ್ಯಾರು?

ಯಾಕೆ ಹೀಗಾಯಿತು? ಕಾರಣಗಳು ಹಲವು. ಮೊದಲ ಮಹಾಯುದ್ಧದಲ್ಲಿ ಯುವಕರು ಸತ್ತರು. ಗಣಿಗಳು ಮುಚ್ಚಿದವು, ಜನ ಕೆಲಸ ಹುಡುಕಿಕೊಂಡು ಊರು ಬಿಟ್ಟರು. ಇವು ಸಭೆಯ ಕೈಯಲ್ಲಿರಲಿಲ್ಲ. ಆದರೆ ಸಭೆಯ ಕೈಯಲ್ಲಿದ್ದ ಎರಡು ಕಾರಣಗಳನ್ನು ಹೇಳ್ತೇನೆ, ಇವು ನಮಗೆ ತಟ್ಟುತ್ತವೆ.

ಮೊದಲನೆಯದು, ಪೈಪೋಟಿಯಿಂದ ಕಟ್ಟಿದ್ದು. ರಾಬಿನ್ ಗಿಲ್ ಅನ್ನೋ ಬ್ರಿಟಿಷ್ ವಿದ್ವಾಂಸರು 1993ರಲ್ಲಿ ಖಾಲಿ ಚರ್ಚುಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದ ಏನಂದರೆ, ಜನ ಕಡಿಮೆಯಾಗೋದಕ್ಕೆ ಮುಂಚೆಯೇ ಕುರ್ಚಿಗಳು ಹೆಚ್ಚಾಗಿದ್ದವು. ಒಂದು ಪಂಗಡ ಕಟ್ಟಿತು ಅಂತ ಇನ್ನೊಂದು ಪಂಗಡ ಎದುರಿಗೇ ಅದಕ್ಕಿಂತ ದೊಡ್ಡದು ಕಟ್ಟಿತು. ಹೊಸ ಆತ್ಮಗಳಿಗಿಂತ ಹೊಸ ಬೆಂಚುಗಳೇ ಜಾಸ್ತಿಯಾದವು. ಸಾಲ ಉಳಿಯಿತು. ಇದ್ದ ನಾಲ್ಕು ಕುಟುಂಬ ಭಾನುವಾರ ಬಂದರೆ ಸಾಲದ ಮಾತು, ಛಾವಣಿ ಸೋರುವ ಮಾತು. ಖಾಲಿ ಬೆಂಚುಗಳನ್ನು ನೋಡಿ ಇದ್ದವರ ಮನಸ್ಸೂ ಕುಗ್ಗಿತು, ಅವರೂ ಬಿಟ್ಟರು.

ಪ್ರಿಯರೇ, ನಮ್ಮ ಬಡಾವಣೆಯನ್ನು ನೋಡಿ. ಒಂದೇ ರಸ್ತೆಯಲ್ಲಿ ಎಷ್ಟು ಸಭೆಗಳ ಬೋರ್ಡು ಇದೆ? ಅವುಗಳಲ್ಲಿ ಎಷ್ಟು ಹೊಸ ಆತ್ಮಗಳಿಗಾಗಿ ಹುಟ್ಟಿದವು, ಎಷ್ಟು ಜಗಳದಿಂದ ಹುಟ್ಟಿದವು? ಜಗಳ ಮಾಡಿಕೊಂಡು ಹೊರಗೆ ಬಂದು ಹಾಕುವ ತಳಪಾಯದಲ್ಲಿ ಮೊದಲ ದಿನವೇ ಬಿರುಕು ಇರುತ್ತದೆ.

ಎರಡನೆಯದು, ಮಕ್ಕಳು. ವೇಲ್ಸ್‌ನ ಅನೇಕ ಚಾಪೆಲ್‌ಗಳಲ್ಲಿ ಆರಾಧನೆ ವೆಲ್ಷ್ ಭಾಷೆಯಲ್ಲಿತ್ತು. ಶಾಲೆ, ಕೆಲಸ, ಬೀದಿ ಎಲ್ಲ ಇಂಗ್ಲಿಷಿಗೆ ತಿರುಗಿದ ಊರುಗಳಲ್ಲಿ ಮೊಮ್ಮಕ್ಕಳಿಗೆ ಅಜ್ಜನ ಪ್ರಾರ್ಥನೆ ಅರ್ಥವಾಗದೆ ಹೋಯಿತು. ಭಾಷೆಯನ್ನು ಪ್ರೀತಿಸೋದು ತಪ್ಪಲ್ಲ, ನಾನೂ ಕನ್ನಡದಲ್ಲೇ ಸಾರುವವನು. ಆದರೆ ನಮ್ಮ ಮಕ್ಕಳಿಗೆ ಭಾನುವಾರದ ಎರಡು ತಾಸಿನಲ್ಲಿ ಏನು ಅರ್ಥವಾಗ್ತಾ ಇದೆ ಅಂತ ಕೇಳಿದ್ದೇವಾ? ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುವ ಹುಡುಗನನ್ನು ಗದರಿಸಿದ್ದೇವೆ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ವಾಕ್ಯ ಬಿಡಿಸಿ ಹೇಳಿದ್ದು ಎಷ್ಟು ಸಲ? ಆ ಹುಡುಗನಿಗೆ ಇವತ್ತು ಉತ್ತರ ಸಿಗದಿದ್ದರೆ, ಮೂವತ್ತು ವರ್ಷದ ನಂತರ ನಮ್ಮ ಕಟ್ಟಡದ ಕೀಲಿಯನ್ನು ದಲ್ಲಾಳಿಗೆ ಕೊಡುವವನು ಅವನೇ.

ದೀಪ ಮೊದಲು ಆರುತ್ತದೆ. ಬೋರ್ಡು ಆಮೇಲೆ ಬದಲಾಗುತ್ತದೆ. ಬಾರಿನವನು ಬಂದು ಚರ್ಚನ್ನು ಮುಚ್ಚಲಿಲ್ಲ. ಅವನು ಬರುವ ಹೊತ್ತಿಗೆ ಒಳಗೆ ಯಾರೂ ಇರಲಿಲ್ಲ.

5. ಲಾಯದಲ್ಲಿ ಬಿದ್ದ ಬೆಂಕಿ

ಈಗ ಇದರ ಇನ್ನೊಂದು ಮಗ್ಗಲು. ಪೆಂತೆಕೊಸ್ತು ಅನ್ನುವ ನಾವು ಈ ಕಥೆ ಮರೆಯಬಾರದು. ಲಾಸ್ ಏಂಜಲಿಸ್‌ನ ಅಜೂಸಾ ಬೀದಿ, ಮನೆ ನಂಬರ್ 312. ಆ ಮರದ ಕಟ್ಟಡ ಮೊದಲು ಏನಾಗಿತ್ತು ಗೊತ್ತಾ? ಆಫ್ರಿಕನ್ ಮೆಥೊಡಿಸ್ಟ್ ಸಭೆಯವರ ಚರ್ಚು. ಅವರು ಬೇರೆ ಕಡೆಗೆ ಹೋದ ಮೇಲೆ ಅದು ಗೋದಾಮು ಆಯಿತು, ಕುದುರೆ ಕಟ್ಟುವ ಲಾಯ ಆಯಿತು. ಅಂದರೆ ವಿಡಿಯೋದಲ್ಲಿ ತೋರಿಸ್ತಾರಲ್ಲ, ಲೋಕದ ಉಪಯೋಗಕ್ಕೆ ಹೋದ ಚರ್ಚು, ಅಂಥದ್ದೇ ಒಂದು.

1906ರಲ್ಲಿ ವಿಲಿಯಂ ಸೀಮೋರ್ ಆ ಜಾಗವನ್ನು ಹಿಡಿದರು. ಗುಲಾಮರಾಗಿದ್ದ ತಂದೆತಾಯಿಗಳ ಮಗ, ಒಂದು ಕಣ್ಣಿನಲ್ಲಿ ದೃಷ್ಟಿ ಇರಲಿಲ್ಲ. ಕಸ ಗುಡಿಸಿ, ಪೀಪಾಯಿಗಳ ಮೇಲೆ ಹಲಗೆ ಇಟ್ಟು ಬೆಂಚು ಮಾಡಿದರು. ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಪ್ರಸಂಗಪೀಠ ಮಾಡಿದರು. ಆ ಪೆಟ್ಟಿಗೆಯೊಳಗೆ ತಲೆ ಇಟ್ಟು ಅವರು ಪ್ರಾರ್ಥಿಸ್ತಾ ಇದ್ದರಂತೆ. ಮೂರು ವರ್ಷ ಕೂಟ ನಿಲ್ಲಲಿಲ್ಲ. ಕರಿಯರು, ಬಿಳಿಯರು ಒಟ್ಟಿಗೆ ಮೊಣಕಾಲೂರಿದರು. ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಅಲ್ಲಿಂದ ಹೊರಟ ಗಾರ್ ದಂಪತಿಗಳು 1907ರ ಆರಂಭದ ಹೊತ್ತಿಗೆ ಕಲ್ಕತ್ತಾದಲ್ಲಿದ್ದರು.

ಅದಕ್ಕೂ ಮುಂಚೆ, 1905ರ ಜೂನ್‌ನಲ್ಲಿ, ಪುಣೆ ಹತ್ತಿರದ ಕೇಡಗಾಂವ್ ಮುಕ್ತಿ ಮಿಷನ್‌ನಲ್ಲಿ ಪಂಡಿತಾ ರಮಾಬಾಯಿ ಅವರ ಹುಡುಗಿಯರ ಮೇಲೆ ಆತ್ಮನು ಸುರಿದನು. ರಮಾಬಾಯಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ವೇಲ್ಸ್‌ನ ಉಜ್ಜೀವನದ ಸುದ್ದಿ ಕೇಳಿ ಅವರು ಪ್ರಾರ್ಥನೆಯ ಗುಂಪು ಕಟ್ಟಿದ್ದರು. ಬರಗಾಲದಲ್ಲಿ ಅನಾಥರಾದವರು, ವಿಧವೆಯರು, ಅವರ ಮಧ್ಯದಲ್ಲಿ ಬೆಂಕಿ ಬಿತ್ತು.

ಅಜೂಸಾ ಕಟ್ಟಡ ಈಗ ಎಲ್ಲಿದೆ? ಇಲ್ಲ. 1931ರಲ್ಲಿ ಕೆಡವಿದರು. ಅಲ್ಲೀಗ ಜಪಾನಿ ಸಮುದಾಯದ ಸಾಂಸ್ಕೃತಿಕ ಕೇಂದ್ರದ ಅಂಗಳ ಇದೆ. ಚರ್ಚು ಲಾಯವಾಯಿತು, ಲಾಯದಲ್ಲಿ ಉಜ್ಜೀವನವಾಯಿತು, ಉಜ್ಜೀವನ ಕಂಡ ಕಟ್ಟಡವೂ ಹೋಯಿತು. ಆದರೆ ಆ ಬೆಂಕಿ ಇವತ್ತು ಈ ಬಾಡಿಗೆ ಹಾಲ್ ತನಕ ಬಂದಿದೆ. ಕರ್ತನಿಗೆ ಸ್ತೋತ್ರ!

ಇನ್ನೊಂದು ಮಾತು. ಯೂರೋಪಿನಲ್ಲಿ ಎಲ್ಲ ಮುಗಿಯಿತು ಅಂತ ಯಾರೂ ತಿಳ್ಕೊಳ್ಳಬೇಡಿ. ಲಂಡನ್ನಿನ ಕೆನ್ಸಿಂಗ್ಟನ್ ಟೆಂಪಲ್ 1849ರ ಸುಮಾರಿಗೆ ಬೇರೊಂದು ಪಂಗಡ ಕಟ್ಟಿದ ಚಾಪೆಲ್. ಈಗ ಅದು ಪೆಂತೆಕೊಸ್ತು ಸಭೆ. ಬ್ರೈಟನ್ನಿನ ಸೇಂಟ್ ಪೀಟರ್ಸ್ ಮುಚ್ಚಿಹೋಗುವ ಹಂತದಲ್ಲಿತ್ತು, 2009ರಲ್ಲಿ ಒಂದು ತಂಡ ಬಂದು ಮತ್ತೆ ಆರಂಭಿಸಿತು. ವೇಲ್ಸ್‌ನವರು ಸುವಾರ್ತೆ ತಂದ ಮಿಜೋರಾಂನಿಂದ ಈಗ ವೇಲ್ಸ್‌ಗೆ ಮಿಷನರಿಗಳು ಹೋಗಿದ್ದಾರೆ. ದೀಪಸ್ತಂಭ ತೆಗೆಯುವವನು ಕರ್ತನೇ, ಮತ್ತೆ ಹಚ್ಚುವವನೂ ಕರ್ತನೇ.

6. ಹಾಗಾದರೆ ನಾವೇನು ಮಾಡಬೇಕು?

ಮೊದಲು, ಹೀಯಾಳಿಸೋದು ಬಿಡೋಣ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಷನ್‌ನ ಕಿಟೆಲ್ ಅವರು ಕೊಟ್ಟ ಕನ್ನಡ ನಿಘಂಟು 1894ರದು, ಇವತ್ತಿಗೂ ವಿದ್ವಾಂಸರು ತೆರೆದು ನೋಡ್ತಾರೆ. ಆ ಬಾಸೆಲ್ ನಗರದ ಎಲಿಜಬೆತ್ ಚರ್ಚಿನಲ್ಲಿ 1994ರಿಂದ ಆರಾಧನೆಯ ಜೊತೆಗೆ ಸಂಗೀತ ಕಚೇರಿ, ಕಾಫಿ ಅಂಗಡಿ ಎಲ್ಲ ನಡೀತವೆ. ನಮಗೆ ಅದು ಇಷ್ಟವಾಗದಿರಬಹುದು. ಆದರೆ ನಮಗೆ ಬೈಬಲ್ ತಂದುಕೊಟ್ಟವರ ಮನೆಯಲ್ಲಿ ಕಷ್ಟ ಬಂದಾಗ ವಿಡಿಯೋ ಫಾರ್ವರ್ಡ್ ಮಾಡಿ ನಗೋದು ಮಕ್ಕಳ ಲಕ್ಷಣ ಅಲ್ಲ. ಪ್ರಾರ್ಥಿಸೋಣ.

ಎರಡನೆಯದು, ಸೈಟಿನ ವಿಷಯ. ಕಟ್ಟಡ ಬೇಡ ಅಂತ ನಾನು ಹೇಳ್ತಾ ಇಲ್ಲ. ಮಳೆಗೆ ನೆನೆಯದೆ ಕೂತು ಆರಾಧಿಸೋಕೆ ಜಾಗ ಬೇಕು. ಆದರೆ ತೀರ್ಮಾನಕ್ಕೆ ಮುಂಚೆ ಮೂರು ವಿಷಯ ಕೇಳ್ಕೊಳ್ಳೋಣ. ಪಕ್ಕದ ಸಭೆಗೆ ಎದುರಾಗಿ ಕಟ್ತಾ ಇದ್ದೇವಾ? ತೀರಿಸೋಕೆ ಆಗದ ಸಾಲವನ್ನು ವಿಧವೆಯರ, ಕೂಲಿಯವರ ತಲೆ ಮೇಲೆ ಹಾಕ್ತಾ ಇದ್ದೇವಾ? ವಾರದಲ್ಲಿ ಎರಡು ತಾಸು ತೆರೆದು ಉಳಿದ ದಿನ ಬೀಗ ಹಾಕುವ ಹಾಲ್ ಕಟ್ತೇವಾ, ಇಲ್ಲಾ ಮಕ್ಕಳಿಗೆ ಟ್ಯೂಷನ್, ಮನೆಕೆಲಸಕ್ಕೆ ಹೋಗುವ ಅಕ್ಕಂದಿರಿಗೆ ಪ್ರಾರ್ಥನೆ ಅಂತ ದಿನವೂ ಬಾಗಿಲು ತೆರೆದಿರುವ ಮನೆ ಕಟ್ತೇವಾ?

ಮೂರನೆಯದು, ಕಾಗದಪತ್ರ. ಇದನ್ನು ಪ್ರಸಂಗಪೀಠದಿಂದ ಹೇಳೋಕೆ ಅನೇಕರು ಹಿಂಜರೀತಾರೆ, ನಾನು ಹೇಳಿಬಿಡ್ತೇನೆ. ಸೈಟು ನನ್ನ ಹೆಸರಿಗೆ ಆಗಬಾರದು. ನನ್ನ ಹೆಂಡತಿಯ ಹೆಸರಿಗೂ ಆಗಬಾರದು. ರಿಜಿಸ್ಟರ್ ಆದ ಟ್ರಸ್ಟಿನ ಹೆಸರಿಗೇ ಆಗಬೇಕು, ಲೆಕ್ಕ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಬರಬೇಕು. ಮುಂದೆ ಎಂದಾದರೂ ಈ ಸಭೆ ಕೂಡದೆ ಹೋದರೆ ಆಸ್ತಿ ಯಾರ ಮನೆಗೂ ಹೋಗದೆ ಇನ್ನೊಂದು ಸುವಾರ್ತಾ ಸೇವೆಗೆ ಹೋಗಬೇಕು ಅಂತ ಪತ್ರದಲ್ಲೇ ಬರೆಸಬೇಕು. ಲಾಯರ್ ಹತ್ತಿರ ಕೂತು ಇದನ್ನು ಸರಿಯಾಗಿ ಮಾಡಿಸೋಣ. ಮುಚ್ಚುವ ದಿನದ ಮಾತು ಈಗಲೇ ಯಾಕೆ, ಅಪಶಕುನ ಅಂತ ಕೆಲವರು ಅಂತಾರೆ. ನಾವು ಶಕುನ ನಂಬುವವರಲ್ಲ. ಮರಣಶಾಸನ ಬರೆದವನು ಬೇಗ ಸಾಯಲ್ಲ, ಆದರೆ ಅವನ ಮಕ್ಕಳು ಕೋರ್ಟಿಗೆ ಅಲೆಯಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಎಫೆಸಕ್ಕೆ ಕರ್ತನು ಕೊಟ್ಟ ಔಷಧಿ ಮೂರು ಮಾತಿನದು. ಎಲ್ಲಿಂದ ಬಿದ್ದಿದ್ದೀ ನೆನಪು ಮಾಡಿಕೋ. ಮಾನಸಾಂತರಪಡು. ಮೊದಲು ಮಾಡ್ತಾ ಇದ್ದ ಕೃತ್ಯಗಳನ್ನು ಮಾಡು. ನಾವು ಮೊದಲು ಏನು ಮಾಡ್ತಾ ಇದ್ದೆವು? ಹನ್ನೊಂದು ಜನ ಇದ್ದಾಗ ಒಬ್ಬರು ಬರದಿದ್ದರೆ ಅವತ್ತೇ ಸಂಜೆ ಅವರ ಮನೆಗೆ ಹೋಗ್ತಾ ಇದ್ದೆವು. ಈಗ ಮೂರು ವಾರ ಬರದಿದ್ದರೂ ಗೊತ್ತಾಗಲ್ಲ. ಕಟ್ಟಡ ನಿಧಿಗೆ ಕವರ್ ಕೊಡೋದು ಸುಲಭ. ಬರದೆ ಹೋದವರ ಬಾಗಿಲು ತಟ್ಟೋದು ಕಷ್ಟ. ಈ ವಾರ ಆ ಕಷ್ಟದ ಕೆಲಸವನ್ನೇ ಮೊದಲು ಮಾಡೋಣ.

ಮನೆಕೂಟದಲ್ಲಿ ಮಾತಾಡಿಕೊಳ್ಳಲು

1. ಶೀಲೋ ಹಾಳಾಗುವ ಮುಂಚೆ ಅಲ್ಲಿ ಏನೇನು ತಪ್ಪು ನಡೀತಿತ್ತು? 1 ಸಮುವೇಲ 2:12-25 ಓದಿ ಪಟ್ಟಿ ಮಾಡಿ.
2. ತುರನ್ನನ ಪಾಠಶಾಲೆಯಲ್ಲಿ ಇದ್ದದ್ದು, ಆಮೇಲೆ ಎಫೆಸದಲ್ಲಿ ಇಲ್ಲದೆ ಹೋದದ್ದು ಏನು?
3. ಮೂರು ತಿಂಗಳಿಂದ ಕೂಟಕ್ಕೆ ಬರದಿರುವ ಒಂದು ಕುಟುಂಬದ ಹೆಸರು ಬರೆದುಕೊಳ್ಳಿ. ಯಾರು, ಯಾವ ದಿನ ಹೋಗ್ತೀರಿ?
4. ನಿಮ್ಮ ಮನೆಯ ಮಕ್ಕಳನ್ನು ಕೇಳಿ: ಭಾನುವಾರದ ಆರಾಧನೆಯಲ್ಲಿ ನಿನಗೆ ಅರ್ಥವಾಗದೆ ಇರೋದು ಏನು? ಅವರು ಹೇಳುವಾಗ ಮಧ್ಯದಲ್ಲಿ ಬಾಯಿ ಹಾಕಬೇಡಿ.

ಪ್ರಾರ್ಥನೆ

ಪರಲೋಕದ ತಂದೆಯೇ, ಬಾಗಿಲು ಮುಚ್ಚಿದ ಸಭೆಗಳಿಗಾಗಿ, ಅಲ್ಲಿ ಒಂದು ಕಾಲದಲ್ಲಿ ಕಣ್ಣೀರಿನಿಂದ ಪ್ರಾರ್ಥಿಸಿದ ನಿನ್ನ ಜನರಿಗಾಗಿ ನಿನ್ನನ್ನು ಸ್ತುತಿಸುತ್ತೇವೆ. ನಮಗೆ ಸುವಾರ್ತೆ ಕಳಿಸಿದ ದೇಶಗಳನ್ನು ಮತ್ತೆ ಸಂದರ್ಶಿಸು. ನಮ್ಮಲ್ಲಿರುವ ಹೆಮ್ಮೆಯನ್ನು ತೆಗೆದುಹಾಕು. ನಾವು ಕಟ್ಟುವ ಮನೆ ನಮ್ಮ ಹೆಸರಿಗಾಗಿ ಆಗದಿರಲಿ. ನೀನು ಕೊಟ್ಟರೆ ಕಟ್ಟುತ್ತೇವೆ, ಕೊಡದಿದ್ದರೆ ಈ ಹಾಲಿನಲ್ಲೇ ನಿನ್ನನ್ನು ಆರಾಧಿಸುತ್ತೇವೆ. ದೀಪಸ್ತಂಭವನ್ನು ಮಾತ್ರ ನಮ್ಮ ಮಧ್ಯದಿಂದ ತೆಗೆಯಬೇಡ, ಕರ್ತನೇ. ನಮ್ಮ ಮಕ್ಕಳ ಕಾಲಕ್ಕೂ ಅದು ಉರಿಯಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಜೀವವುಳ್ಳ ತಂದೆಯೇ. ಆಮೆನ್.